ಬೆಲೆ ಏರಿದ ತಿಂಗಳೂ ಅಷ್ಟೇ ಕೆಜಿ

ನೈರೋಬಿಗೆ ಬಂದ ಹೊಸತರಲ್ಲಿ ಉಗಾಲಿ ನೋಡಿ ನನಗೆ ನಮ್ಮ ಮುದ್ದೆಯೇ ನೆನಪಾಯಿತು. ಬಿಳಿ ಮೆಕ್ಕೆಜೋಳದ ಹಿಟ್ಟು, ನೀರು, ಗಂಟಾಗದಂತೆ ತೊಳಸುವ ಕೈ. ನೆಂಚಿಕೊಳ್ಳೋಕೆ ಸುಕುಮಾ ವಿಕಿ ಅನ್ನೋ ಸೊಪ್ಪು. ಆ ಹೆಸರಿಗೆ 'ವಾರ ತಳ್ಳು' ಅಂತ ಅರ್ಥ. ದುಡ್ಡು ಮುಗಿದರೂ ವಾರ ಕಳೆಯಬೇಕಲ್ವಾ?

ನಮ್ಮ ಬೀದಿಯ ಗೂಡಂಗಡಿಯಲ್ಲಿ ಎಲ್ಲವೂ ಚೂರುಪಾರು ವ್ಯಾಪಾರ. ಎಣ್ಣೆಯನ್ನು 20 ಶಿಲಿಂಗಿಗೆ ಇಷ್ಟು ಅಂತ ಸುರಿದು ಕೊಡುತ್ತಾರೆ. ಮೆಕ್ಕೆಜೋಳ ಅಳೆಯೋಕೆ ಗೊರೊಗೊರೊ ಅನ್ನೋ ತಗಡಿನ ಡಬ್ಬ. ನಮ್ಮ ಸೇರಿನ ಹಾಗೆ, ಆದರೆ ಹೆಚ್ಚುಕಡಿಮೆ 2 ಕೆಜಿ ಹಿಡಿಯುತ್ತದೆ. ದಿನಗೂಲಿಯವರು ಅವತ್ತಿನ ಹಿಟ್ಟನ್ನು ಅವತ್ತೇ ಕೊಳ್ಳುತ್ತಾರೆ. ಬೆಳಿಗ್ಗೆ ಬೆಲೆ ಏರಿದರೆ ಸಂಜೆ ಮುದ್ದೆ ಚಿಕ್ಕದಾಗುತ್ತದೆ.

2022ರಲ್ಲಿ ಇದನ್ನು ಕಣ್ಣಾರೆ ಕಂಡೆ. ಉತ್ತರ ಕೀನ್ಯಾದಲ್ಲಿ ಒಂದರ ಹಿಂದೊಂದು ಮಳೆಗಾಲ ಕೈಕೊಟ್ಟಿತ್ತು. ಉಕ್ರೇನ್ ಯುದ್ಧದಿಂದ ಗೊಬ್ಬರ, ಇಂಧನ ಎಲ್ಲ ತುಟ್ಟಿ. 2 ಕೆಜಿ ಹಿಟ್ಟಿನ ಪ್ಯಾಕೆಟ್ 200 ಶಿಲಿಂಗ್ ದಾಟಿತು. ಜುಲೈನಲ್ಲಿ, ಚುನಾವಣೆಗೆ ಸ್ವಲ್ಪ ಮುಂಚೆ, ಸರ್ಕಾರ ಗಿರಣಿಗಳಿಗೆ ಸಬ್ಸಿಡಿ ಕೊಟ್ಟು ಅದನ್ನು 100ಕ್ಕೆ ಇಳಿಸಿತು. ಆ ಬೆಲೆಯ ಪ್ಯಾಕೆಟ್ ಅಂಗಡಿಯಲ್ಲಿ ಸಿಗುವುದೇ ಕಷ್ಟವಾಯಿತು. ಕೆಲವೇ ವಾರದಲ್ಲಿ ಸಬ್ಸಿಡಿಯೂ ನಿಂತಿತು.

ಆಗ ಗೂಡಂಗಡಿಯ ಅಮ್ಮನಿಗೆ ನಮ್ಮ ರೇಷನ್ ಬಗ್ಗೆ ಹೇಳಿದೆ. ಕಾರ್ಡಿದ್ದರೆ ತಲೆಗೆ ಇಷ್ಟು ಕೆಜಿ ಅಂತ ಕೊಡ್ತಾರೆ ಅಂದೆ. ಅವರು ಕೇಳಿದ್ದು ಒಂದೇ: "ಬೆಲೆ ಏರಿದ ತಿಂಗಳೂ ಅಷ್ಟೇ ಕೆಜಿನಾ?"

ಹೌದು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಆದ್ಯತಾ ಕುಟುಂಬದ ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆಜಿ ಅಂತ ಬರೆದಿದೆ. ಕೀನ್ಯಾದ 2010ರ ಸಂವಿಧಾನದ 43ನೇ ವಿಧಿಯೂ ಹಸಿವಿಲ್ಲದೆ ಬದುಕುವುದು ಪ್ರತಿಯೊಬ್ಬರ ಹಕ್ಕು ಅನ್ನುತ್ತದೆ. ಓದಿದರೆ ಖುಷಿಯಾಗುತ್ತದೆ. ಆದರೆ ಎಷ್ಟು ಕೆಜಿ, ಯಾವ ಅಂಗಡಿಯಲ್ಲಿ, ಯಾರ ಹೆಸರಿಗೆ ಅಂತ ಅದರಲ್ಲಿಲ್ಲ. ರೈತರಿಂದ ಕೊಂಡು ಗೋದಾಮಿನಲ್ಲಿಡುವ ಏರ್ಪಾಡು ಇಲ್ಲೂ ಇದೆ, ಆದರೆ ನಮ್ಮಷ್ಟು ದೊಡ್ಡದಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಜಗತ್ತಿನಲ್ಲಿ ಹಸಿದವರು ಸುಮಾರು 67 ಕೋಟಿ. ಏಷ್ಯಾದಲ್ಲಿ ಸಂಖ್ಯೆ ಇಳಿಯುತ್ತಿದೆ. ಆಫ್ರಿಕಾದಲ್ಲಿ ಏರುತ್ತಿದೆ, ಐವರಲ್ಲಿ ಒಬ್ಬರಿಗಿಂತ ಜಾಸ್ತಿ.

ಊರಿನ ಗೆಳೆಯರು ಕೆಲವರು ಧಾನ್ಯ ಯಾಕೆ, ಸುಮ್ನೆ ದುಡ್ಡು ಹಾಕಿದರೆ ಸಾಕು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. 2023ರಲ್ಲಿ ಕರ್ನಾಟಕದಲ್ಲಿ ಹೆಚ್ಚುವರಿ 5 ಕೆಜಿ ಅಕ್ಕಿ ಹೊಂದಿಸಲಾಗದೆ ತಲೆಗೆ 170 ರೂಪಾಯಿ ಕೊಟ್ಟರು, ಕೆಜಿಗೆ 34ರಂತೆ. ಆ ದುಡ್ಡಿಗೆ ಅಂಗಡಿಯಲ್ಲಿ ಒಳ್ಳೆ ಅಕ್ಕಿ 5 ಕೆಜಿ ಎಲ್ಲಿ ಬರುತ್ತಿತ್ತು? 2025ರಲ್ಲಿ ಮತ್ತೆ ಅಕ್ಕಿಯೇ ಶುರುವಾಯಿತು ಅಂತ ಕೇಳಿ ಸಮಾಧಾನವಾಯಿತು. ಇನ್ನು ತೊಗರಿಬೇಳೆಯೂ ಕಾರ್ಡಿಗೆ ಇಷ್ಟು ಅಂತ ಕೆಜಿ ಲೆಕ್ಕದಲ್ಲೇ ಬರಬೇಕು, ಪ್ರತಿ ತಿಂಗಳೂ. ಬರೀ ಅನ್ನದಿಂದ ಮಕ್ಕಳು ಗಟ್ಟಿಯಾಗುವುದಿಲ್ಲ.