ಮೀನಿನ ಪೆಟ್ಟಿಗೆಗೆ ಪರಂಪರೆಯ ಹಾರ ಬೇಡ

ನಮ್ಮ ಅಣ್ಣನ ಮಗ ಶೆಡ್ಡಿಗೆ ಹೊಸ ಬೋರ್ಡ್ ಹಾಕಿಸುತ್ತಾನಂತೆ. ‘ಮೂರು ತಲೆಮಾರಿನ ಮರಗೆಲಸದ ಪರಂಪರೆ’ ಅಂತ ಬರೆಸುತ್ತಾನಂತೆ. ನಾನು ಬೇಡ ಅಂದೆ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಅಲ್ಲಿ ಉದ್ದ ಬರೆದರೆ ಯಾರೂ ಓದುವುದಿಲ್ಲ, ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕುಮಟಾದಲ್ಲಿ ಮರ ಸೀಳುವ ಒಂದು ಸಣ್ಣ ಸಾಮಿಲ್ಲು, ಪಕ್ಕದಲ್ಲೇ ಪ್ಯಾಕಿಂಗ್ ಪೆಟ್ಟಿಗೆಯ ಶೆಡ್ಡು. ಅಜ್ಜ ಶುರು ಮಾಡಿದರು, ಅಪ್ಪ ನಡೆಸಿದರು, ಈಗ ಅಣ್ಣ ಮತ್ತು ನಾನು. ಲೆಕ್ಕದ ಪುಸ್ತಕ ನನ್ನ ಕೈಯಲ್ಲಿದೆ. ಹಳೆಯ ಪುಸ್ತಕಗಳನ್ನು ತಿರುವಿದರೆ ನನಗಂತೂ ಒಂದೇ ಕಸುಬು ಕಾಣುವುದಿಲ್ಲ. ಮೂರು ತಲೆಮಾರಿನವರು ಮೂರು ಬೇರೆ ವ್ಯಾಪಾರ ಮಾಡಿದ್ದಾರೆ. ಹೊಟ್ಟೆಪಾಡು ಬದಲಾದ ಹಾಗೆ ಪೆಟ್ಟಿಗೆ ಬದಲಾಗಿದೆ, ಅಷ್ಟೇ.

ಅಜ್ಜನ ಕಾಲದ್ದು ಮೀನಿನ ಪೆಟ್ಟಿಗೆ. ಎಪ್ಪತ್ತರ ದಶಕದ ಕೊನೆಗೆ ನಮ್ಮ ಕರಾವಳಿಯಲ್ಲಿ ಮೀನಿನ ಹಿಂಡನ್ನೇ ಸುತ್ತುವರಿಯುವ ದೊಡ್ಡ ಬಲೆಯ ಪರ್ಸೀನ್ ಬೋಟುಗಳು ಜಾಸ್ತಿಯಾದವು. ತದಡಿಯಲ್ಲಿ, ಹೊನ್ನಾವರದಲ್ಲಿ, ಕಾರವಾರದ ಬೈತಖೋಲದಲ್ಲಿ ಬಂಗಡೆ, ತಾರಲೆ ರಾಶಿ ಬೀಳತೊಡಗಿತು. ಮಂಜುಗಡ್ಡೆ ಹಾಕಿ ಲಾರಿಗೆ ಏರಿಸಲು ಪೆಟ್ಟಿಗೆ ಬೇಕಲ್ಲ! ಈ ಪೆಟ್ಟಿಗೆಗೆ ಒಳ್ಳೆಯ ಮರ ಬೇಡ, ಒಣಗಿದ ಮರವೂ ಬೇಡ. ಹೇಗೂ ನೆನೆಯುವುದೇ. ಮಾವು, ಬೂರುಗ, ಯಾವುದೋ ಕಾಡು ಜಾತಿ, ಸಿಕ್ಕಿದ್ದು ಹಸಿಯಾಗಿಯೇ ಸೀಳುತ್ತಿದ್ದರು. ಹಲಗೆಗಳ ನಡುವೆ ಒಂದು ಬೆರಳು ಸಂದು ಬಿಡಬೇಕು, ಮಂಜು ಕರಗಿದ ನೀರು ಸೋರಿ ಹೋಗಲು. ಇನ್ನು ಮೊಳೆ. ಹಲಗೆಯ ಅಂಚಿಗೆ ಚೂಪು ಮೊಳೆ ಹೊಡೆದರೆ ಅದು ಎಳೆಗಳನ್ನು ಸರಿಸಿಕೊಂಡು ಒಳಗೆ ಹೋಗುತ್ತದೆ, ಹಲಗೆ ಸೀಳುತ್ತದೆ. ಅದಕ್ಕೆ ಅಜ್ಜ ಮೊಳೆಯನ್ನು ತಲೆಕೆಳಗೆ ಹಿಡಿದು ತುದಿಗೆ ಒಂದು ಪೆಟ್ಟು ಕೊಟ್ಟು ಮೊಂಡು ಮಾಡುತ್ತಿದ್ದರು. ಮೊಂಡು ಮೊಳೆ ಎಳೆಗಳನ್ನು ಕಡಿದುಕೊಂಡು ಇಳಿಯುತ್ತದೆ, ಹಲಗೆ ಉಳಿಯುತ್ತದೆ. ಬಾಯಲ್ಲಿ ಒಂದು ಹಿಡಿ ಮೊಳೆ ಕಚ್ಚಿಕೊಂಡೇ ಬೈಯುತ್ತಿದ್ದರು ಬೇರೆ. ಏನು ಬೈದರು ಅಂತ ಯಾರಿಗೂ ತಿಳಿಯುತ್ತಿರಲಿಲ್ಲ!

ಹಣ ಎಲ್ಲಿತ್ತು ಅಂದರೆ, ಬದಿಯ ಹಲಗೆಯಲ್ಲಿ. ನಾಟಾ ಅಳೆಯುವ ಹಳೇ ಲೆಕ್ಕ ಗೊತ್ತಲ್ವಾ? ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಆಮೇಲೆ ಉದ್ದದಿಂದ ಗುಣಿಸುವುದು. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ನಿಜಕ್ಕೂ ಅದರಲ್ಲಿರುವ ಮರ 12.7 ಘನ ಅಡಿಗಿಂತ ಚೂರು ಜಾಸ್ತಿ. ಆ ಹೆಚ್ಚಿನದು ಸೀಳುವಾಗ ಹೊಟ್ಟಾಗಿ, ಬದಿ ಚಕ್ಕೆಯಾಗಿ ಹೋಗುತ್ತದೆ ಅಂತ ಬಿಟ್ಟುಬಿಡುತ್ತಾರೆ. ಬಾಗಿಲು, ಕಿಟಕಿ ಮಾಡುವವರಿಗೆ ಅದು ಸೌದೆ. ನಮಗೆ ಅದೇ ಪೆಟ್ಟಿಗೆ. ಬೇರೆಯವರು ಲೆಕ್ಕಕ್ಕೇ ಹಿಡಿಯದ ಮರದಲ್ಲಿ ನಮ್ಮ ಮನೆ ನಡೆದಿದೆ.

ಆಮೇಲೆ ಪ್ಲಾಸ್ಟಿಕ್ ಕ್ರೇಟ್ ಬಂತು. ‘ಹೊಟ್ಟೆಯ ಮೇಲೆ ಹೊಡೆಯಿತು’ ಅಂತ ಅಣ್ಣ ಈಗಲೂ ಹೇಳುತ್ತಾನೆ. ನನಗೆ ಹಾಗೆ ಅನಿಸುವುದಿಲ್ಲ. ಮರ ಮೀನಿನ ನೀರು ಕುಡಿಯುತ್ತದೆ, ನಾಲ್ಕು ಟ್ರಿಪ್ಪಿಗೆ ನಾತ ಹಿಡಿಯುತ್ತದೆ. ಕ್ರೇಟಿಗೆ ಪೈಪು ಹಿಡಿದರೆ ತೊಳೆದು ಹೋಯಿತು. ನಾನೇ ಮೀನು ವ್ಯಾಪಾರಿ ಆಗಿದ್ದರೂ ಅದನ್ನೇ ಕೊಳ್ಳುತ್ತಿದ್ದೆ.

ನಮ್ಮ ಊರಿಗೆ ಇದು ಹೊಸತೂ ಅಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಯಿತು. ಆಗ ಧಾರವಾಡ ಕಡೆಯ ಹತ್ತಿಗೆ ಬಂಗಾರದ ಬೆಲೆ. ಅದು ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು, ಹಡಗು ಹತ್ತಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಿ, ಮಾರುಕಟ್ಟೆಯಲ್ಲಿ ಹೆಸರು ಮಾತ್ರ ‘ಕುಮಟಾ ಹತ್ತಿ’! 1880ರ ದಶಕದ ಕೊನೆಗೆ ಮರ್ಮಗೋವಾ ಬಂದರಿನ ಕಡೆಗೆ ರೈಲು ಹಾಕಿದರು. ಹತ್ತಿ ಆ ಕಡೆ ತಿರುಗಿತು. ಸರಕು ದಾರಿ ಬದಲಿಸಿದರೆ ಅದನ್ನು ಕಟ್ಟಿ ಕಳಿಸುವವನೂ ಎದ್ದು ಹಿಂದೆ ಹೋಗಬೇಕು.

ಅಪ್ಪ ಹಾಗೇ ಹೋದರು. ಒಂದಿಷ್ಟು ವರ್ಷ ಮಾವಿನ ಪೆಟ್ಟಿಗೆ. ಅಂಕೋಲೆಯ ಕರಿ ಈಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿದ ಮೇಲೆ ಎಲ್ಲರಿಗೂ ಅದರ ಮೇಲೆ ಪ್ರೀತಿ. ಅದರ ಸಿಪ್ಪೆ ಎಷ್ಟು ತೆಳು ಅನ್ನುವುದು ಪ್ಯಾಕಿಂಗ್ ಮಾಡಿದವರಿಗೇ ಗೊತ್ತು. ಮೀನಿಗೆ ನಡೆದ ಹಸಿ ಹಲಗೆ ಇಲ್ಲಿ ನಡೆಯುವುದಿಲ್ಲ, ಬೂಷ್ಟು ಬರುತ್ತದೆ. ಇದಾದ ಮೇಲೆ ಯಂತ್ರದ ಭಾಗ ಕಳಿಸುವ ದೊಡ್ಡ ಪೆಟ್ಟಿಗೆ.

ಅಷ್ಟರಲ್ಲಿ ಕೋರ್ಟಿನ ಆದೇಶ ಬಂತು. 1996ರ ಡಿಸೆಂಬರ್ 12ರಂದು ಕಾಡು ಉಳಿಸುವ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ನಮ್ಮ ಜಿಲ್ಲೆಯ ಮಿಲ್ಲಿನವರಿಗೆ ಬಾಯಿಪಾಠ. ಅನುಮತಿ ಇಲ್ಲದೆ ಕಾಡಿನೊಳಗೆ ನಡೆಯುತ್ತಿದ್ದ ಸಾಮಿಲ್ಲುಗಳು ನಿಂತವು. 2002ರ ಮೇಲೆ ಹೊಸ ಲೈಸೆನ್ಸ್ ಬೇಕೆಂದರೆ ದಿಲ್ಲಿಯ ಕೇಂದ್ರ ಸಮಿತಿಯ ಒಪ್ಪಿಗೆ ಬೇಕಾಯಿತು. 2016ರ ಕೇಂದ್ರದ ಮಾರ್ಗಸೂಚಿ ಬಂದ ಮೇಲೆ ಆ ಅಧಿಕಾರ ರಾಜ್ಯದ ಸಮಿತಿಗೆ ಬಂದಿದೆ. ಇದರಿಂದ ಏನಾಯಿತೆಂದರೆ, ಹಳೇ ಲೈಸೆನ್ಸಿನ ಕಾಗದ ತೋಟಕ್ಕಿಂತ ದೊಡ್ಡ ಆಸ್ತಿಯಾಯಿತು. ತೋಟ, ಮನೆ, ಹಿತ್ತಲು ಎಲ್ಲ ಪಾಲು ಮಾಡಬಹುದು. ಒಂದು ಲೈಸೆನ್ಸನ್ನು ಮೂವರು ಅಣ್ಣತಮ್ಮಂದಿರಿಗೆ ಹೇಗೆ ಪಾಲು ಮಾಡುತ್ತೀರಿ? ‘ಒಗ್ಗಟ್ಟಿನ ಕುಟುಂಬ’ ಅಂತ ನಮ್ಮನ್ನು ಊರಿನವರು ಹೊಗಳುತ್ತಾರೆ. ಒಗ್ಗಟ್ಟಿಗೆ ಆ ಕಾಗದದ ಪಾಲೂ ಸಾಕಷ್ಟಿದೆ.

ಇನ್ನೊಂದು ಮಾತು, ಇದು ಗ್ರೂಪಿನಲ್ಲಿ ಯಾರಿಗೂ ಹಿಡಿಸಲಿಲ್ಲ. ಪರಂಪರೆ ಅಂತ ಹಾಕುವುದಾದರೆ ಮರ ಎಲ್ಲಿಂದ ಬಂತು ಅಂತಲೂ ಹಾಕಬೇಕಲ್ವಾ? 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಕಡೆಯ ಜನ ಕಾಡಿಗೆ ಹೋಗಿ ಮರ ತಬ್ಬಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಅವರು ತಡೆದದ್ದು ನಮ್ಮಂಥವರ ಕೊಡಲಿಯನ್ನೇ. ಅಪ್ಪ ಆ ವಿಷಯ ಬಂದರೆ ಎದ್ದು ಹೋಗುತ್ತಿದ್ದರು. ಘಟ್ಟದ ಮೇಲಿನ ಅಡಿಕೆ ತೋಟಿಗರು ತೋಟಕ್ಕೆಂದು ಬಿಟ್ಟ ಬೆಟ್ಟದ ಕಾಡಿನಿಂದ ಸೊಪ್ಪು, ದರಕು (ಒಣ ಎಲೆ) ತರಬಹುದು, ನಾಟಾ ಮಾರುವ ಹಾಗಿಲ್ಲ. ಆ ಕಟ್ಟುಪಾಡಿನ ಪಕ್ಕದಲ್ಲೇ ಲಾರಿಗಟ್ಟಲೆ ಮರ ಇಳಿದು ಬಂದ ಕಾಲ ಅದು. ಈಗ ನಾವು ಸೀಳುವುದು ಹೆಚ್ಚಾಗಿ ಮಾಲ್ಕಿ (ಖಾಸಗಿ) ಜಮೀನಿನ ಮಾವು, ಅಕೇಶಿಯಾ.

ಈಗಿನ ಅನ್ನ ಪ್ಯಾಲೆಟ್ಟಿನದು, ಅಂದರೆ ಸರಕು ಪೇರಿಸಿ ಎತ್ತಿ ಸಾಗಿಸುವ ಮರದ ಅಡಿಕಟ್ಟಿನದು. ಹೊರದೇಶಕ್ಕೆ ಹೋಗುವ ಪ್ಯಾಲೆಟ್ಟಿಗೆ ಅಂತರರಾಷ್ಟ್ರೀಯ ನಿಯಮ ಇದೆ, 2002ರಲ್ಲಿ ಬಂದದ್ದು. ಮರದೊಳಗಿನ ಹುಳ ಇನ್ನೊಂದು ದೇಶದ ಕಾಡಿಗೆ ಹೋಗಬಾರದು. ಅದಕ್ಕೆ ಹಲಗೆಯ ನಡುತಿರುಳೂ 56 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಿ, ಬಿಡದೆ 30 ನಿಮಿಷ ಹಾಗೇ ಇರಬೇಕು. ಆಮೇಲೆ ಗೋಧಿ ತೆನೆಯ ಗುರುತಿನ ಮುದ್ರೆ. ತೊಗಟೆ ಕೆತ್ತಿರಬೇಕು; 3 ಸೆಂಟಿಮೀಟರಿಗಿಂತ ಕಡಿಮೆ ಅಗಲದ ಚೂರು ಉಳಿದಿದ್ದರೆ ನಡೆಯುತ್ತದೆ. ಪ್ಲೈವುಡ್ಡಿಗೆ ಇದು ಯಾವುದೂ ಬೇಡ, ಅದನ್ನು ಅಂಟು ಹಾಕಿ ಬಿಸಿಯಲ್ಲೇ ಒತ್ತಿರುತ್ತಾರೆ. ಅಜ್ಜನಿಗೆ ಇದನ್ನೆಲ್ಲ ಹೇಳಿದ್ದರೆ ಮೊಳೆ ಉಗುಳಿ ನಗುತ್ತಿದ್ದರು. ಕುಟ್ಟೆ ಹಿಡಿದ ಹಲಗೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿ ಕಳಿಸಿದವರು ಅವರು!

ಅಣ್ಣನ ಮಗನ ತಲೆಯಲ್ಲಿ ಇನ್ನೊಂದು ಯೋಜನೆಯೂ ಇದೆ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಹೊರದೇಶದಿಂದ ಯಂತ್ರ ಬಂದ ಹಳೇ ಪೈನ್ ಪೆಟ್ಟಿಗೆ ಕೊಂಡು, ಗೋಕರ್ಣದ ಹೋಂಸ್ಟೇಗಳಿಗೆ ಮೇಜು, ಬೆಂಚು ಮಾಡಿಕೊಡುವುದು. ಮಾಡಲಿ. ಅಂಥ ಮರ ನೀವೂ ಕೊಳ್ಳುವುದಾದರೆ ಮೊದಲು ಮುದ್ರೆ ನೋಡಿ. ‘ಎಚ್‌ಟಿ’ ಅಂತ ಇದ್ದರೆ ಬಿಸಿ ಕೊಟ್ಟದ್ದು, ಧೈರ್ಯವಾಗಿ ತನ್ನಿ. ‘ಎಂಬಿ’ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಹಾಕಿದ್ದು. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಅಡುಗೆಮನೆಯ ಶೆಲ್ಫಿಗೆ, ಮಕ್ಕಳ ಮಂಚಕ್ಕೆ ಅದನ್ನು ಹಾಕಬೇಡಿ.