ವರ್ಷದ ಲೆಕ್ಕ, ದಿನದ ಲೆಕ್ಕ: ಕಲಬುರಗಿಯ ಮನೆಖರ್ಚು ಮತ್ತು ಪುಣೆಯ ಮನೆಖರ್ಚು

ಪುಣೆಯಲ್ಲಿ ದುಡ್ಡು ಉಳಿಸುವ ಮಾತು ಶುರುವಾದರೆ ಎಲ್ಲರೂ ಹೇಳುವುದು ಹೆಚ್ಚುಕಡಿಮೆ ಒಂದೇ. ಹೊರಗಿನ ಊಟ ಬಿಡಿ, ನೋಡದ ಆ್ಯಪ್‌ಗಳ ಚಂದಾ ನಿಲ್ಲಿಸಿ, ಸೇಲ್ ಬಂದಾಗ ಕೊಳ್ಳಿ. ತಪ್ಪೇನಿಲ್ಲ. ಆದರೆ ಕಲಬುರಗಿಯಲ್ಲಿ ಹುಟ್ಟಿ ಬೆಳೆದ ನನಗೆ ಇದು ಅರ್ಧ ಮಾತು ಅನಿಸುತ್ತದೆ. ನಮ್ಮ ಊರಲ್ಲಿ ಮನೆ ನಡೆಯುವುದು ವರ್ಷದ ಲೆಕ್ಕದಲ್ಲಿ. ಬೇಳೆ ಯಾವಾಗ ತರಬೇಕು, ಜೋಳ ಯಾವಾಗ ತುಂಬಬೇಕು, ಖಾರ ಯಾವಾಗ ಕುಟ್ಟಿಸಬೇಕು, ಎಲ್ಲದಕ್ಕೂ ಒಂದೊಂದು ಕಾಲ ಇದೆ. ಇಲ್ಲಿ ನಡೆಯುವುದು ದಿನದ ಲೆಕ್ಕದಲ್ಲಿ. ಸಂಜೆ ಆರಕ್ಕೆ ಕೊತ್ತಂಬರಿ ಇಲ್ಲ ಅಂತ ಗೊತ್ತಾದರೆ ಆರೂಕಾಲಿಗೆ ಬಾಗಿಲಿಗೆ ಬಂದಿರುತ್ತದೆ, ಜೊತೆಗೆ ಬೇಡದ ಎರಡು ಸಾಮಾನೂ ಬಂದಿರುತ್ತವೆ, ಯಾಕಂದರೆ ಇಂತಿಷ್ಟು ರೂಪಾಯಿ ದಾಟಿದರೆ ಡೆಲಿವರಿ ಫ್ರೀ.

ಎರಡೂ ಕಡೆ ಸಂಸಾರ ನೋಡಿದವನಾಗಿ ಹೇಳುತ್ತೇನೆ. ಅಡುಗೆಮನೆ ಖರ್ಚಿನಲ್ಲಿ ಕಲಬುರಗಿಯ ರೀತಿಯೇ ಮೇಲು. ಲೆಕ್ಕ ಬರೆದಿಡುವುದರಲ್ಲಿ ಮತ್ತು ಮದುವೆ ಖರ್ಚಿನಲ್ಲಿ ನಮ್ಮವರು ಪುಣೆಯಿಂದ ಕಲಿಯಬೇಕಾದ್ದು ಬಹಳ ಇದೆ.

ಮೊದಲು ಬೇಳೆ. ಕಲಬುರಗಿ ಅಂದರೆ ತೊಗರಿ. 2019ರಲ್ಲಿ ಗುಲ್ಬರ್ಗಾ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿತು. ಡಿಸೆಂಬರ್, ಜನವರಿಯಲ್ಲಿ ರಾಶಿಯಾಗಿ ಗಂಜ್ ಮಾರುಕಟ್ಟೆಗೆ ಮಾಲು ಬರಲು ಶುರುವಾಗುತ್ತದೆ. ಊರಲ್ಲೇ ಸಾಲು ಸಾಲು ದಾಲ್ ಮಿಲ್ ಇವೆ. ಹೊಸ ಮಾಲು ಜಾಸ್ತಿ ಬರುವ ಆ ದಿನಗಳಲ್ಲಿ ಸಾಮಾನ್ಯವಾಗಿ ದರ ಇಳಿದಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಏರುವುದೇ ಹೆಚ್ಚು. ಇದು ನಮ್ಮೂರ ಯಾವ ಅಜ್ಜಿಯನ್ನು ಕೇಳಿದರೂ ಗೊತ್ತು. ಆದರೆ ಪುಣೆಯ ನನ್ನ ಅಕ್ಕಪಕ್ಕದ ಮನೆಯವರು ವರ್ಷವಿಡೀ ಒಂದೊಂದೇ ಕೆಜಿ ಪಾಕೀಟು ತರುತ್ತಾರೆ. ಲೆಕ್ಕ ಹಾಕಿ ನೋಡಿ. ತಿಂಗಳಿಗೆ 4 ಕೆಜಿ ಬೇಳೆ ಬೇಕು, ಕೆಜಿಗೆ 30 ರೂಪಾಯಿ ಫರಕು ಅಂತಿಟ್ಟುಕೊಳ್ಳಿ. ವರ್ಷಕ್ಕೆ 1,440 ರೂಪಾಯಿ. ಬರೀ ಬೇಳೆಯಲ್ಲಿ. ಜೋಳ, ಶೇಂಗಾ, ಮೆಣಸಿನಕಾಯಿ, ಹುಣಸೆಹಣ್ಣು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇನ್ನೊಂದು ವಿಷಯ ಎಷ್ಟೋ ಮಂದಿಗೆ ಗೊತ್ತಿಲ್ಲ. 2022ರ ಜುಲೈಯಿಂದ ಲೇಬಲ್ ಹಚ್ಚಿದ, 25 ಕೆಜಿವರೆಗಿನ ಪಾಕೀಟಿನ ಬೇಳೆಕಾಳು, ಹಿಟ್ಟಿನ ಮೇಲೆ ಶೇ 5 ಜಿಎಸ್‌ಟಿ ಬಂತು. ಚೀಲದಿಂದ ಬಿಡಿಯಾಗಿ ತೂಗಿಸಿಕೊಂಡರೆ ಅದಿಲ್ಲ. ಕಿರಾಣಿ ಅಂಗಡಿಯಲ್ಲಿ ನಿಂತು ತೂಗಿಸಿಕೊಳ್ಳುವುದಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ ಅಲ್ವಾ?

ಒಮ್ಮೆಲೇ ತಂದರೆ ಹುಳ ಬೀಳುತ್ತದೆ ಅಂತ ಇಲ್ಲಿಯ ಗೆಳೆಯರು ಹೆದರುತ್ತಾರೆ. ಬೀಳುತ್ತದೆ, ಇಡುವ ರೀತಿ ತಪ್ಪಿದರೆ. ಅವ್ವ ಮಾಡುವುದು ಹೀಗೆ. ಬೇಳೆಯನ್ನು ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಬಿಸಿಲಿಗೆ ಹರವುತ್ತಾಳೆ. ಸಂಜೆ ಕೇರಿ ಹಸನು ಮಾಡಿ, ಆರಿದ ಮೇಲೆ ಅಂಗೈಗೆ ಸ್ವಲ್ಪ ಔಡಲೆಣ್ಣೆ (ಹರಳೆಣ್ಣೆ) ಹಚ್ಚಿಕೊಂಡು ಬೇಳೆಯನ್ನು ಮೇಲೆ ಕೆಳಗೆ ಮಾಡುತ್ತಾ ತಿಕ್ಕುತ್ತಾಳೆ. ಎಣ್ಣೆ ಸುರಿಯುವುದಿಲ್ಲ, ಕಾಳಿಗೆ ಮಿಂಚು ಬಂದರೆ ಸಾಕು. ಆಮೇಲೆ ಒಣಗಿದ ಡಬ್ಬಿಗೆ ತುಂಬಿ ಗಟ್ಟಿ ಮುಚ್ಚಳ ಹಾಕುತ್ತಾಳೆ. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ. ಜೋಳಕ್ಕೆ ಎಣ್ಣೆ ಬೇಡ. ಚೆನ್ನಾಗಿ ಒಣಗಿಸಿ, ನೆರಳಲ್ಲಿ ಒಣಗಿಸಿದ ಬೇವಿನೆಲೆ ನಡುನಡುವೆ ಹಾಕಿ ತುಂಬಬೇಕು. ಒಣಗಿದೆಯೋ ಇಲ್ಲವೋ ಅಂತ ನೋಡಲು ಅವ್ವ ಒಂದು ಕಾಳು ಕಡಿಯುತ್ತಾಳೆ. "ಹಲ್ಲಾಗ ಹಾಕಿದ್ರ ಕಟ್ ಅನ್ನಬೇಕು ನೋಡಪ, ಇಲ್ಲಂದ್ರ ಇನ್ನೊಂದು ಬಿಸಲ ಬೇಕು." ಪುಣೆಯ ಫ್ಲ್ಯಾಟಿನ ಬಾಲ್ಕನಿಯಲ್ಲೂ ಇದನ್ನು ಮಾಡಬಹುದು. ನಾವು ಮಾಡುತ್ತೇವೆ. ಜಾಗ ಸಣ್ಣದು, ಹಾಗಾಗಿ ಸ್ವಲ್ಪ ಸ್ವಲ್ಪವೇ ಒಣಗಿಸುತ್ತೇವೆ.

ಜೋಳದ ಹಿಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಂಗಡಿಯ ಜೋಳದ ಹಿಟ್ಟಿನ ಪಾಕೀಟು ಯಾವಾಗ ಬೀಸಿದ್ದೋ ಏನೋ. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ತಟ್ಟುವಾಗಲೇ ರೊಟ್ಟಿ ಅಂಚಿನಲ್ಲಿ ಒಡೆಯುತ್ತದೆ, ಇನ್ನೂ ಹಳತಾದರೆ ಕಹಿ ಬರುತ್ತದೆ. ಆಗ ಮನೆಯವರು ರೊಟ್ಟಿಯ ಆಸೆಯನ್ನೇ ಬಿಟ್ಟು ಹೊರಗಿನಿಂದ ತರಿಸುತ್ತಾರೆ. ಕಾಳು ಮಾತ್ರ ವರ್ಷವಿಡೀ ಕೆಡುವುದಿಲ್ಲ. ಅದಕ್ಕೇ ಕಾಳು ತುಂಬಿಟ್ಟು, ಹತ್ತು ದಿನಕ್ಕಾಗುವಷ್ಟು ಮಾತ್ರ ಗಿರಣಿಗೆ ಒಯ್ಯುವುದು. ಪುಣೆಯಲ್ಲಿ ಗಿರಣಿ ಇಲ್ಲ ಅನ್ನಬೇಡಿ, ಹಳೇ ಪೇಠೆಗಳಲ್ಲೂ ಹೊಸ ಬಡಾವಣೆಗಳಲ್ಲೂ ಇವೆ. ಅಲ್ಲಿ ನಿಂತು ಬೀಸಿಸಿಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ, ಅದು ನನಗೆ ಬೇಜಾರು.

ಕಾಯಿಪಲ್ಲೆ ದುಬಾರಿಯಾದ ದಿನ ನಮ್ಮಲ್ಲಿ ಯಾರೂ ಗಾಬರಿ ಬೀಳುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿಗಳು, ಡಬ್ಬಿಯಲ್ಲಿ ಇರುತ್ತವೆ. ಮೊಸರು, ಉಳ್ಳಾಗಡ್ಡಿ, ಕಡಕ್ ರೊಟ್ಟಿ ಇದ್ದರೆ ಊಟ ಆಯಿತು. ಪುಂಡಿಪಲ್ಲೆಗೆ ಒಂದು ಹಿಡಿ ಬೇಳೆ ಹಾಕಿದರೆ ನಾಲ್ಕು ಮಂದಿ ಉಣ್ಣಬಹುದು. ಎಳ್ಳಮಾವಾಸ್ಯೆಯ ಭಜ್ಜಿ ಪಲ್ಲೆ ನೆನಪಿಸಿಕೊಳ್ಳಿ (ಎಣ್ಣೆಯಲ್ಲಿ ಕರಿದ ಬಜ್ಜಿ ಅಲ್ಲ), ಹೊಲದಲ್ಲಿ ಆ ಹೊತ್ತಿಗೆ ಏನು ಬೆಳೆದಿರುತ್ತದೋ ಅದೆಲ್ಲ ಅದಕ್ಕೆ ಬೀಳುತ್ತದೆ. ಆ ಕಾಲದಲ್ಲಿ ಬೆಳೆದದ್ದನ್ನು ಆ ಕಾಲದಲ್ಲಿ ತಿನ್ನುವವರಿಗೆ ಖರ್ಚು ತಾನಾಗಿ ಕಡಿಮೆ. ಡಿಸೆಂಬರಿನಲ್ಲಿ ಮಾವು ಹುಡುಕುವವರಿಗೆ ಯಾವ ಉಪಾಯವೂ ನೆರವಾಗುವುದಿಲ್ಲ.

ಗ್ಯಾಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೇಳೆಯನ್ನು ಅರ್ಧ ಗಂಟೆ ನೆನೆಸಿ ಆಮೇಲೆ ಕುಕ್ಕರಿಗೆ ಹಾಕಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಫ್ರಿಜ್‌ನಿಂದ ತೆಗೆದದ್ದನ್ನು ಸ್ವಲ್ಪ ಹೊತ್ತು ಹೊರಗಿಟ್ಟು ಬಿಸಿ ಮಾಡಿ. ಇಷ್ಟನ್ನು ಬಿಡದೆ ಮಾಡಿದರೆ 14.2 ಕೆಜಿ ಸಿಲಿಂಡರ್ ಮೊದಲಿಗಿಂತ ಕೆಲವು ದಿನ ಜಾಸ್ತಿ ಬರುತ್ತದೆ.

ಈಗ ಕರೆಂಟು. ಕಲಬುರಗಿಯ ಬೇಸಿಗೆ ಎಂಥದು ಅಂತ ಬೇರೆಯವರಿಗೆ ವಿವರಿಸುವುದು ಕಷ್ಟ. ಬಿಸಿಲು 42, 43 ಡಿಗ್ರಿ ಮುಟ್ಟಿದರೆ ನಮ್ಮೂರಲ್ಲಿ ಅದು ಸುದ್ದಿಯೇ ಅಲ್ಲ. ಈಗ ನಮ್ಮ ಓಣಿಯಲ್ಲೂ ಮನೆಮನೆಗೆ ಎಸಿ ಬರುತ್ತಿದೆ. ತಮ್ಮನೂ ಕಂತಿನಲ್ಲಿ ತಗೋತೀನಿ ಅಂದಾಗ ಅವನ ಜೊತೆ ಫೋನಿನಲ್ಲೇ ಕೂತು ಲೆಕ್ಕ ಹಾಕಿದೆವು. ಎಸಿ ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ ಅಂತ ಹಿಡಿದರೂ ರಾತ್ರಿಯ 8 ತಾಸಿಗೆ 8 ಯೂನಿಟ್, ತಿಂಗಳಿಗೆ 240. ದೊಡ್ಡ ಕೂಲರ್ 200 ವ್ಯಾಟ್ ಅಂದರೆ 10 ತಾಸಿಗೆ 2 ಯೂನಿಟ್, ತಿಂಗಳಿಗೆ 60. ಕರ್ನಾಟಕದಲ್ಲಿ ಮನೆಗಳಿಗೆ ಉಚಿತ ಕರೆಂಟು ಕೊಡುವ ಗೃಹಜ್ಯೋತಿ ಯೋಜನೆ 2023ರಲ್ಲಿ ಶುರುವಾಗಿದೆ. ಅದರಲ್ಲಿ ಮನೆಯ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು, ದಾಟಿದ್ದಕ್ಕೆ ಮಾತ್ರ ಅಲ್ಲ. ಅಂದರೆ ಎಸಿ ಒಂದೇ ಸಾಕು, ಉಚಿತ ಕರೆಂಟು ಕೈಬಿಟ್ಟು ಹೋಗುವುದಕ್ಕೆ.

ಕೂಲರ್ ಕೆಲಸ ಮಾಡುವುದು ಒಣ ಹವೆಯಲ್ಲಿ. ಮುಂಬೈಯಲ್ಲಿ ಅದರಿಂದ ಸೆಕೆ ಇನ್ನೂ ಜಾಸ್ತಿಯಾಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಅದಕ್ಕೂ ರೀತಿ ಇದೆ. ಎಲ್ಲ ಕಿಟಕಿ ಮುಚ್ಚಿ ಕೂಲರ್ ಹಚ್ಚಿದರೆ ಕೋಣೆ ತೇವ ಹಿಡಿದು ಉಸಿರು ಕಟ್ಟುತ್ತದೆ. ಕೂಲರಿನ ಬೆನ್ನು ಹೊರಗಿನ ಗಾಳಿಗೆ ಇರಬೇಕು, ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು. ಕೂಲರಿನೊಳಗಿನ ಹುಲ್ಲು ಪ್ರತಿ ಬೇಸಿಗೆಗೆ ಬದಲಾಯಿಸಬೇಕು, ನಮ್ಮ ಗಡಸು ನೀರಿಗೆ ಅದು ಬೇಗ ಉಪ್ಪುಗಟ್ಟುತ್ತದೆ. ನೀರು ಬೇಕು ಅನ್ನುವುದು ನಿಜ, ನೀರಿನ ತಾಪತ್ರಯ ಇರುವ ಓಣಿಗಳಲ್ಲಿ ಇದು ಸಣ್ಣ ಮಾತಲ್ಲ. ಹಾಗಂತ ಆರ್‌ಒ ಯಂತ್ರ ಬಿಟ್ಟ ನೀರನ್ನು ಕೂಲರಿಗೆ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಅದು ನೆಲ ಒರೆಸುವುದಕ್ಕೆ, ಬಚ್ಚಲಿಗೆ ಸರಿ. ಮಾಳಿಗೆಗೆ ಬೇಸಿಗೆ ಮುಂಚೆ ಬಿಳಿ ಸುಣ್ಣ ಬಳಿಸಿ, ಕೆಳಗಿನ ಕೋಣೆಯ ಕಾವು ಇಳಿಯುತ್ತದೆ. ಶಹಾಬಾದ್ ಕಲ್ಲಿನ ಫರಸಿ ನೆಲ ಇದ್ದವರು ಅದನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಬೇಡಿ ಅಂತ ನನ್ನ ಮನವಿ. ಬೇಸಿಗೆಯಲ್ಲಿ ಅದರ ಮೇಲೆ ಮಲಗಿದವರಿಗೇ ಗೊತ್ತು ಅದರ ತಂಪು.

ಫ್ಯಾನಿನ ಲೆಕ್ಕವೂ ನೋಡಿ. ಹಳೇ ಫ್ಯಾನು ಸುಮಾರು 75 ವ್ಯಾಟ್, ಕಡಿಮೆ ಕರೆಂಟು ತಿನ್ನುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು ಸುಮಾರು 30. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ ಎಲ್ಲಿ, 11 ಯೂನಿಟ್ ಎಲ್ಲಿ. ಪುಣೆಯಲ್ಲಿ ಪೂರ್ತಿ ಬಿಲ್ಲು ನಾವೇ ಕಟ್ಟುವುದರಿಂದ ಇದು ನನಗೆ ಮೊದಲು ಕಣ್ಣಿಗೆ ಬಿತ್ತು. ಎಲ್ಲ ಫ್ಯಾನು ಒಮ್ಮೆಗೇ ಬದಲಾಯಿಸಬೇಕಿಲ್ಲ. ಜಾಸ್ತಿ ತಿರುಗುವ ಒಂದೆರಡು ಮೊದಲು.

ಇನ್ನು ಪುಣೆಯಿಂದ ಕಲಿಯಬೇಕಾದ್ದು. ಇಲ್ಲಿಯ ಹಳೇ ಮರಾಠಿ ಮನೆಗಳಲ್ಲಿ ದಿನದ ಖರ್ಚು ಬರೆದಿಡುವ ವಹಿ ಇರುತ್ತದೆ. ನಮ್ಮ ಪಕ್ಕದ ಮನೆಯ ಆಜಿ ಹಾಲಿನ ಚೀಟಿಯಿಂದ ಹಿಡಿದು ರಿಕ್ಷಾ ಬಾಡಿಗೆವರೆಗೆ ಬರೆಯುತ್ತಾರೆ. ಹಳೇ ಪುಸ್ತಕ, ಹಳೇ ಸೈಕಲ್, ಹಳೇ ಕಪಾಟು ಕೊಳ್ಳುವುದಕ್ಕೆ ಇಲ್ಲಿ ಯಾರೂ ನಾಚುವುದಿಲ್ಲ. ನಮ್ಮ ಕಡೆ ಮಗನಿಗೆ ಹಳೇ ಪುಸ್ತಕ ಕೊಡಿಸಿದರೆ ಬೀಗರು ಏನು ಅಂದುಕೊಂಡಾರು ಅನ್ನುವ ಚಿಂತೆ. ಉದ್ರಿ ಕೂಡ ಹಾಗೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅಂಗಡಿಯವನ ಬರಹ ಮಾತ್ರ ಇರುತ್ತದೆ, ನಮ್ಮದೊಂದು ಲೆಕ್ಕ ಇರುವುದಿಲ್ಲ. ಈಗ ಅದರ ಜಾಗಕ್ಕೆ ಕ್ರೆಡಿಟ್ ಕಾರ್ಡ್ ಬಂದಿದೆ. ಅದರ ಬಾಕಿ ಮುಂದಿನ ತಿಂಗಳಿಗೆ ಉಳಿಸಿದರೆ ಎಷ್ಟೋ ಕಾರ್ಡುಗಳಲ್ಲಿ ತಿಂಗಳಿಗೆ ಶೇ 3.5ರ ತನಕ ಬಡ್ಡಿ, ಅಂದರೆ ವರ್ಷಕ್ಕೆ ಶೇ 42. ಊರ ಸಾಹುಕಾರನ ಬಡ್ಡಿಗೆ ಹೆದರುತ್ತಿದ್ದ ಮನೆಗಳ ಮಕ್ಕಳು ಇದನ್ನು ಸುಮ್ನೆ ಕಟ್ಟುತ್ತಿದ್ದಾರೆ.

ಉಳಿತಾಯಕ್ಕೆ ನಾನು ಹೇಳುವುದು ಒಂದೇ. ಸಂಬಳ ಬಂದ ದಿನವೇ ಒಂದು ಪಾಲು ತೆಗೆದಿಡಿ, ಉಳಿದದ್ದರಲ್ಲಿ ಮನೆ ನಡೆಸಿ. ಪೋಸ್ಟ್ ಆಫೀಸಿನ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದಲೇ ಶುರುವಾಗುತ್ತದೆ, 5 ವರ್ಷದ್ದು. ಊರಲ್ಲಿ ಅಕ್ಕಂದಿರಿಗೆ ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನ ಟಿಕೆಟ್ ದುಡ್ಡು ಉಳಿಯುತ್ತಿದೆ. ಆ ದುಡ್ಡು ಬೇರೆ ಡಬ್ಬಿಗೆ ಹೋಗದಿದ್ದರೆ ಎಲ್ಲಿ ಹೋಯಿತು ಅಂತಲೇ ತಿಳಿಯುವುದಿಲ್ಲ. ಸೇಡಂನಿಂದ ದಿನಾ ಕಲಬುರಗಿಗೆ ಕೆಲಸಕ್ಕೆ ಬರುವ ನಮ್ಮ ದೊಡ್ಡಕ್ಕ ಮೊದಲು ಟಿಕೆಟ್‌ಗೆ ಕೊಡುತ್ತಿದ್ದ ದುಡ್ಡನ್ನು ಈಗ ಸಂಘಕ್ಕೆ ಕಟ್ಟುತ್ತಾಳೆ. ಕೇಳಿದಾಗ ನನಗೆ ಖುಷಿಯಾಯಿತು.

ಅಪ್ಪನ ಬಿಪಿ, ಶುಗರ್ ಮಾತ್ರೆ ಜನೌಷಧಿ ಕೇಂದ್ರದಿಂದ ತರುತ್ತೇವೆ. ಡಾಕ್ಟರಿಗೆ ಕಂಪನಿಯ ಹೆಸರಲ್ಲ, ಔಷಧದ ಮೂಲ (ಜೆನೆರಿಕ್) ಹೆಸರು ಬರೆದುಕೊಡಿ ಅಂತ ಕೇಳಿದರೆ ಆಯಿತು. ದಿನಾ ನುಂಗುವ ಮಾತ್ರೆಯಲ್ಲಿ ತಿಂಗಳಿಗೆ ಉಳಿಯುವುದು ಕಡಿಮೆಯೇನಲ್ಲ.

ಇಷ್ಟೆಲ್ಲ ಉಳಿಸುವ ನಮ್ಮ ಜನ ಕಳೆದುಕೊಳ್ಳುವುದು ಮದುವೆಯಲ್ಲಿ. ನನಗೆ ನಿಜಕ್ಕೂ ಸಂಕಟ ಆಗುವುದು ಇಲ್ಲೇ. ಹುಣಸೆಹಣ್ಣಿನ ಬೀಜ ಕೂಡ ಎಸೆಯದ ಮನೆಯವರು ಮದುವೆಗೆ ಹೊಲ ಅಡವಿಡುತ್ತಾರೆ. ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ರಿಜಿಸ್ಟರ್ ಮದುವೆಯಾಗಿ ಮನೆಮಂದಿಗೆ ಒಂದು ಊಟ ಹಾಕಿದವರು ಇದ್ದಾರೆ. ಯಾರೂ ಅವರನ್ನು ಕೀಳಾಗಿ ನೋಡಲಿಲ್ಲ. ಶರಣಬಸವೇಶ್ವರರ ಊರಿನವರು ನಾವು, ದಾಸೋಹ ನಮ್ಮ ರಕ್ತದಲ್ಲಿದೆ. ಬಂದವರಿಗೆ ಊಟ ಹಾಕುವುದನ್ನು ಕಡಿಮೆ ಮಾಡಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಡ್ರೋನ್ ಶೂಟಿಂಗ್, ಮದುವೆಗೆ ಮುಂಚಿನ ವಿಡಿಯೋ, ಒಂದೇ ದಿನಕ್ಕೆ ಮೂರು ಸ್ಟೇಜು, ಉಡುಗೊರೆ ಅಂತ ಕೊಟ್ಟು ಯಾರೂ ಉಡದ ಆಹೇರಿ ಸೀರೆಗಳು, ಇವು ಯಾವ ದಾಸೋಹ?

ಚಿಕ್ಕಪ್ಪನ ಮಗಳ ಮದುವೆ ಮಾತು ಬಂದಾಗ ಮನೆಯವರೆಲ್ಲ ಕೂತು ಮಾತಾಡಿದೆವು. "ಮಂದಿ ಏನಂತಾರೋ" ಅಂತ ಚಿಕ್ಕಪ್ಪ ಅಂದರು. ಕಾಕು (ಚಿಕ್ಕಮ್ಮ), "ಮಂದಿ ಉಂಡು ಹೋಗ್ತಾರ, ಬಡ್ಡಿ ನಾವು ಕಟ್ಟಬೇಕು" ಅಂದರು. ಹುಡುಗಿಯೂ ವಿಡಿಯೋ ಬೇಡ ಅಂದಳು. ಬೀಗರ ಜೊತೆ ಮೊದಲೇ ಮಾತಾಡಿ ಎರಡೂ ಕಡೆ ಆಹೇರಿ ನಿಲ್ಲಿಸಲು ಒಪ್ಪಿಸಿದರು. ಹಾಲ್ ಬಿಟ್ಟು ಊರ ಗುಡಿಯ ಮುಂದೆ ಶಾಮಿಯಾನ ಹಾಕಿಸುವುದು ಅಂತಾಯಿತು. ಊಟದ ಪಟ್ಟಿಯಲ್ಲಿ ಮಾತ್ರ ಹೋಳಿಗೆ, ತುಪ್ಪ, ಭಜ್ಜಿ, ಕಟ್ಟಿನ ಸಾರು ಎಲ್ಲ ಹಾಗೇ ಇವೆ. ಬೇಳೆ ಜನವರಿಯಲ್ಲೇ ಮಿಲ್ಲಿನಿಂದ ಚೀಲದ ಲೆಕ್ಕದಲ್ಲಿ ತಂದಿಟ್ಟಿದ್ದಾರೆ, ಸಾಲ ಮಾತ್ರ ಯಾರಿಂದಲೂ ತಂದಿಲ್ಲ.