ಪೇಸ್ಟಿನ ಅಂಕಿಯೊಂದೇ ಸಾಲದು

ಥರ್ಮಲ್ ಪೇಸ್ಟನ್ನು (ಬಿಸಿಯಾಗುವ ಚಿಪ್ಪಿಗೂ ಅದನ್ನು ತಣಿಸುವ ಲೋಹದ ಹೀಟ್‌ಸಿಂಕಿಗೂ ನಡುವೆ ಹಚ್ಚುವ ಪೇಸ್ಟು) ಅದರ ಉಷ್ಣವಾಹಕತೆಯ, ಅಂದರೆ ಬಿಸಿ ದಾಟಿಸುವ ಶಕ್ತಿಯ, ಅಂಕಿಯೊಂದನ್ನೇ ನೋಡಿ ಆರಿಸಿದರೆ ಸಾಕೆಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದನ್ನು ಪೂರ್ತಿಯಾಗಿ ಒಪ್ಪಲಾರೆ. ಆ ಅಂಕಿ ಹೊಸ ಪೇಸ್ಟಿನದು. ನೂರಾರು ಸಲ ಕಾದು ತಣಿದ ಮೇಲೆ ಪದರ ಹೇಗಿರುತ್ತದೆಂದು ತಿಳಿಯಲು ಮತ್ತೆ ಮತ್ತೆ ಕಾಯಿಸಿ ತಣಿಸಿ ಯಾಂತ್ರಿಕ ಒತ್ತಡ ಕೊಡುವ ಪರೀಕ್ಷೆಯೇ ಬೇಕು. ಒಂದು ಡಿಗ್ರಿ ಬಿಸಿಯೇರಿದರೆ ಚಿಪ್ಪಿನ ಸಿಲಿಕಾನ್ ಹತ್ತು ಲಕ್ಷದಲ್ಲಿ ಸುಮಾರು 2.6 ಭಾಗ, ಅದರಡಿಯ ತಾಮ್ರ 17 ಭಾಗ, ಹೀಟ್‌ಸಿಂಕಿನ ಅಲ್ಯೂಮಿನಿಯಂ 23 ಭಾಗ ಹಿಗ್ಗುತ್ತವೆ. ಈ ಹೊಂದಿಕೆಯಿಲ್ಲದ ಹಿಗ್ಗು-ಕುಗ್ಗು ನಡುವಿನ ಪೇಸ್ಟನ್ನು ಪ್ರತಿ ಸಲವೂ ಹಿಂಡಿ, ಸ್ವಲ್ಪಸ್ವಲ್ಪವೇ ಅಂಚಿಗೆ ತಳ್ಳುತ್ತದೆ. ನಾನು ವಿರಾಜಪೇಟೆಯಲ್ಲಿ ಇನ್ವರ್ಟರ್ ರಿಪೇರಿ ಮಾಡುವವನು. ಕೊಡಗಿನ ಕಕ್ಕಡ ಮಾಸದ ಮಳೆಯಲ್ಲಿ ಕರೆಂಟ್ ಹೋಗುವುದೂ ಬರುವುದೂ ಲೆಕ್ಕವಿಲ್ಲದಷ್ಟು, ಅಂದರೆ ಕಾಯುವುದು, ತಣಿಯುವುದೂ ಅಷ್ಟೇ ಸಲ. ಕಳೆದ ವರ್ಷ ಕಾಫಿ ತೋಟದ ಮನೆಯೊಂದರಿಂದ ಬಂದ ಇನ್ವರ್ಟರಿನಲ್ಲಿ ಸುಟ್ಟ ಮಾಸ್ಫೆಟ್ (ಕರೆಂಟನ್ನು ಸ್ವಿಚ್ಚಿನಂತೆ ಹರಿಸಿ ನಿಲ್ಲಿಸುವ ಬಿಡಿಭಾಗ) ಬಿಚ್ಚಿದಾಗ, ಅದರಡಿಯ ಲೋಹ ನಡುವೆ ಬೋಳಾಗಿ ಹೊಳೆಯುತ್ತಿತ್ತು, ಪೇಸ್ಟೆಲ್ಲ ಸುತ್ತಲೂ ಬಿಳಿಯ ಬದುವಿನಂತೆ ಕಟ್ಟಿಕೊಂಡಿತ್ತು. ತೆರವಾದ ಜಾಗದಲ್ಲಿ ಕೂರುವ ಗಾಳಿಯ ಉಷ್ಣವಾಹಕತೆ ಬರೀ 0.026 (ವ್ಯಾಟ್/ಮೀಟರ್-ಕೆಲ್ವಿನ್) ಮಾತ್ರ, ಪೇಸ್ಟಿಗಿಂತ ತೀರ ಕಡಿಮೆ. (ಸ್ಕ್ರೂ ಕೂಡ ಸಡಿಲವಾಗಿತ್ತು, ಅದನ್ನೂ ಹೇಳಬೇಕು.) ಮೈನಸ್ 40ರಿಂದ 125 ಡಿಗ್ರಿಯ ನಡುವೆ ಎಷ್ಟು ಸುತ್ತು ಕಾಯಿಸಿ ತಣಿಸಿದರು, ಆಮೇಲೆ ಉಷ್ಣದ ತಡೆ ಎಷ್ಟು ಏರಿತು ಎಂಬುದು ಪೇಸ್ಟಿನ ಡೇಟಾಶೀಟಿನಲ್ಲಿ (ತಯಾರಕರ ಮಾಹಿತಿ ಹಾಳೆಯಲ್ಲಿ) ಇದ್ದರೆ ನಾನು ಮೊದಲು ಓದುವುದು ಅದನ್ನೇ.